ಒಂದು ರಾತ್ರಿ, ಆರು ಕೊಯ್ಲು: ಕಾಝೆ ಬಾಸ್ಸೆ ಪ್ರಕರಣ

2012ರ ಡಿಸೆಂಬರ್ 2ರ ರಾತ್ರಿ ಇಟಲಿಯ ತೋಸ್ಕಾನಾ ಪ್ರಾಂತ್ಯದ ಮೊಂತಾಲ್ಚೀನೊ ಬಳಿಯ ಕಾಝೆ ಬಾಸ್ಸೆ ಎಂಬ ದ್ರಾಕ್ಷಿ ತೋಟಕ್ಕೆ ಒಬ್ಬ ನುಗ್ಗಿದ. ನೆಲಮಾಳಿಗೆಯ ಬಾಗಿಲಿನ ಭದ್ರತಾ ಗಾಜು ಒಡೆದು ಒಳಹೊಕ್ಕು, ಸಾಲಾಗಿ ನಿಂತಿದ್ದ ದೊಡ್ಡ ಓಕ್ ಪೀಪಾಯಿಗಳ ನಲ್ಲಿ ತಿರುಗಿಸಿ ಹೊರಟುಹೋದ. ಹತ್ತು ಪೀಪಾಯಿ ಬರಿದಾದವು. 62,600 ಲೀಟರ್ ವೈನ್ ಚರಂಡಿ ಪಾಲಾಯಿತು. ಒಂದು ಬಾಟಲಿಯೂ ಕಳವಾಗಿರಲಿಲ್ಲ.

ಹಾಗೆ ಹರಿದುಹೋದದ್ದು 2007ರಿಂದ 2012ರವರೆಗಿನ ಆರು ಕೊಯ್ಲುಗಳ ವೈನ್. ಈ ಪ್ರಕರಣದ ತಿರುಳು ಲೀಟರಿನ ಲೆಕ್ಕಕ್ಕಿಂತ ಈ ವರ್ಷಗಳ ಲೆಕ್ಕದಲ್ಲಿದೆ. ಬೇಗ ಕುಡಿಯುವ ವೈನ್ ಮಾಡುವವರ ಮಾಳಿಗೆಯಲ್ಲಿ ಇಂಥದ್ದು ನಡೆದರೆ ಒಂದು ವರ್ಷದ ಸರಕು ಹೋಗುತ್ತದೆ. ಮುಂದಿನ ಸುಗ್ಗಿಗೆ ಚೇತರಿಸಿಕೊಳ್ಳಬಹುದು. ದಶಕಗಟ್ಟಲೆ ಬಾಳಲೆಂದೇ ಮಾಡುವ ವೈನ್‌ನ ವಿಷಯ ಬೇರೆ. ಅಲ್ಲಿ ಹಲವು ವರ್ಷಗಳ ಫಸಲು ಒಂದೇ ಸೂರಿನಡಿ, ಒಬ್ಬನ ಕೈಗೆಟಕುವಂತೆ, ದ್ರವರೂಪದಲ್ಲೇ ಕಾದು ನಿಂತಿರುತ್ತದೆ.

ತೋಟ ಮತ್ತು ವೈನ್

ಜಾನ್‌ಫ್ರಾಂಕೊ ಸೊಲ್ದೇರಾ ಮಿಲಾನ್‌ನಲ್ಲಿ ವಿಮಾ ದಲ್ಲಾಳಿಯಾಗಿದ್ದವರು. 1972ರಲ್ಲಿ ಅವರೂ ಪತ್ನಿ ಗ್ರಾತ್ಸಿಯೆಲ್ಲಾ ಅವರೂ ಪಾಳುಬಿದ್ದಿದ್ದ ಈ ಜಮೀನು ಕೊಂಡು ಬಳ್ಳಿ ನಾಟಿದರು. ತೋಟದ ಎರಡು ಮುಖ್ಯ ತಾಕುಗಳು ಕಾಝೆ ಬಾಸ್ಸೆ ಮತ್ತು ಇಂತಿಸ್ತಿಯೇತಿ. ಮಾಗುತ್ತಿರುವ ವೈನ್‌ನ ರುಚಿ ನೋಡಿ ದಾರಿ ಹೇಳುತ್ತಿದ್ದವರು ಜೂಲಿಯೊ ಗಾಂಬೆಲ್ಲಿ. ಸಾಂಜೊವೇಝೆ ದ್ರಾಕ್ಷಿಯ ವಿಷಯದಲ್ಲಿ ಅವರ ನಾಲಿಗೆಯನ್ನು ಇಡೀ ತೋಸ್ಕಾನಾ ನಂಬಿತ್ತು. 2012ರ ಜನವರಿಯಲ್ಲಿ, ಅಂದರೆ ಈ ಘಟನೆಗೆ ಹನ್ನೊಂದು ತಿಂಗಳು ಮೊದಲು, ಅವರು ತೀರಿಕೊಂಡರು. ಆ ರಾತ್ರಿ ಚರಂಡಿಗೆ ಹೋದ ವೈನ್‌ನಲ್ಲಿ ಹೆಚ್ಚಿನದು ಗಾಂಬೆಲ್ಲಿಯವರ ಕೊನೆಯ ವರ್ಷಗಳದ್ದು.

ಇದು ಬ್ರುನೆಲ್ಲೊ ದಿ ಮೊಂತಾಲ್ಚೀನೊ ಜಾತಿಯ ವೈನ್. ಈ ವೈನ್‌ಗೆ 1966ರಲ್ಲಿ ಡಿಓಸಿ (ಬೆಳೆಯುವ ಸೀಮೆ ಮತ್ತು ಮಾಡುವ ವಿಧಾನವನ್ನು ನಿಯಮದಿಂದ ಕಟ್ಟುವ ಇಟಲಿಯ ದರ್ಜೆ), 1980ರಲ್ಲಿ ಅದಕ್ಕಿಂತ ಮೇಲಿನ ಡಿಓಸಿಜಿ ಮಾನ್ಯತೆ ಬಂತು. ನಿಯಮ ಬಿಗಿಯಾದದ್ದು: ಸಾಂಜೊವೇಝೆ ಬಿಟ್ಟು ಬೇರೆ ದ್ರಾಕ್ಷಿಯ ಒಂದು ಹನಿಯೂ ಬೆರೆಯುವಂತಿಲ್ಲ. ಹೆಕ್ಟೇರಿಗೆ 8 ಟನ್‌ಗಿಂತ ಹೆಚ್ಚು ಹಣ್ಣು ಇಳಿಸುವಂತಿಲ್ಲ. ಕನಿಷ್ಠ ಎರಡು ವರ್ಷ ಮರದಲ್ಲಿ, ನಾಲ್ಕು ತಿಂಗಳು ಬಾಟಲಿಯಲ್ಲಿ ಇರಲೇಬೇಕು. ಕೊಯ್ಲಿನ ನಂತರದ ಐದನೆಯ ವರ್ಷದ ಜನವರಿ 1ಕ್ಕೆ ಮೊದಲು ಮಾರುವಂತಿಲ್ಲ. ರಿಸೆರ್ವಾ (ಹೆಚ್ಚು ಕಾಲ ಮಾಗಿಸುವ ಬಗೆ) ಆದರೆ ಇನ್ನೊಂದು ವರ್ಷ ಕಾಯಬೇಕು.

ಕಾಝೆ ಬಾಸ್ಸೆಯ ಉತ್ಪಾದನೆ ವರ್ಷಕ್ಕೆ ಸುಮಾರು 15,000 ಬಾಟಲಿ. 62,600 ಲೀಟರನ್ನು 750 ಮಿಲಿಲೀಟರಿನ ಬಾಟಲಿಗೆ ತುಂಬಿದ್ದರೆ 83,000 ದಾಟುತ್ತಿತ್ತು. ಅಂದರೆ ಐದೂವರೆ ವರ್ಷದ ದುಡಿಮೆ. ಉತ್ಪಾದಕರ ಸಂಘ ಪ್ರತಿ ಕೊಯ್ಲಿಗೂ ನಕ್ಷತ್ರ ಕೊಡುತ್ತದೆ. ಈ ಆರರ ಪೈಕಿ 2007, 2010 ಮತ್ತು 2012ಕ್ಕೆ ಪೂರ್ತಿ ಐದು, ಉಳಿದ ಮೂರಕ್ಕೆ ನಾಲ್ಕು ಬಂದಿವೆ. ಸಾಧಾರಣ ವರ್ಷವೊಂದೂ ಇದರಲ್ಲಿರಲಿಲ್ಲ.

2007ರ ವೈನ್ ಇನ್ನೂ ಪೀಪಾಯಿಯಲ್ಲಿ ಏಕಿತ್ತು?

ಪ್ರಕರಣ ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 2007ರ ಬ್ರುನೆಲ್ಲೊ 2012ರ ಜನವರಿಯಿಂದಲೇ ಅಂಗಡಿಗಳಲ್ಲಿ ಸಿಗುತ್ತಿತ್ತು. ನೆರೆಯ ತೋಟಗಳವರು ಅದನ್ನು ಬಾಟಲಿಗೆ ಇಳಿಸಿ, ಮಾರಿ, ಹಣ ಎಣಿಸಿಕೊಂಡಿದ್ದರು. ಸೊಲ್ದೇರಾ ಅವರದ್ದು ಐದು ವರ್ಷ ಕಳೆದರೂ ಮರದಲ್ಲೇ ಇತ್ತು. ನಿಯಮದ ಕನಿಷ್ಠ ಅವಧಿಗೆ ನಿಂತಿದ್ದರೆ 2007, 2008, 2009ರ ವೈನ್ ಅಷ್ಟರಲ್ಲಿ ಗಾಜಿನೊಳಗೆ ಸೇರಿರುತ್ತಿತ್ತು, ಆ ರಾತ್ರಿ ಪೀಪಾಯಿಯಲ್ಲಿ ಉಳಿದಿರುತ್ತಿದ್ದುದು ಮೂರೇ ಕೊಯ್ಲು. ಎಂಬತ್ತು ಸಾವಿರ ಬಾಟಲಿ ಒಡೆಯುವುದು ಒಬ್ಬನಿಂದ ಒಂದು ರಾತ್ರಿಯಲ್ಲಿ ಆಗುವ ಕೆಲಸವಲ್ಲ. ಹತ್ತು ನಲ್ಲಿ ತಿರುಗಿಸಲು ಕೆಲವು ನಿಮಿಷ ಸಾಕು. ನಷ್ಟದ ಅರ್ಧದಷ್ಟು ಬಂದದ್ದು ಅವರು ಆರಿಸಿಕೊಂಡ ವಿಧಾನದಿಂದ.

ಹಾಗೆಂದು ಆ ವಿಧಾನ ತಪ್ಪಲ್ಲ. ವೈನ್‌ನ ಗುಣ ಬಂದದ್ದೇ ಅದರಿಂದ. ಸಾಂಜೊವೇಝೆಯ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಹುಳಿ ಜೋರು, ಟ್ಯಾನಿನ್ನಿನ ಒಗರು ಒರಟು. (ಹಂಪಿ ಸುತ್ತಲಿನ ಗುಡ್ಡಗಳಲ್ಲಿ ಕೃಷ್ಮಾ ತೋಟದವರೂ ಇದೇ ದ್ರಾಕ್ಷಿ ಬೆಳೆಯುತ್ತಾರೆ. ಅಲ್ಲಿನ ಬಿಸಿಲಿಗೆ ಹಣ್ಣಿನ ನಡತೆ ಬೇರೆ.) ಬ್ರುನೆಲ್ಲೊದಲ್ಲಿ ಒಟ್ಟು ಆಮ್ಲ ಲೀಟರಿಗೆ 5 ಗ್ರಾಂಗಿಂತ ಕಡಿಮೆಯಾಗಬಾರದು ಎಂದು ನಿಯಮವೇ ಹೇಳುತ್ತದೆ. ಎಳೆಯದಾಗಿ ಕುಡಿದರೆ ಒಸಡು ಬಿಗಿಯುತ್ತದೆ. ಈ ಒಗರು ಮೆದುವಾಗಲು ಟ್ಯಾನಿನ್ ಕಣಗಳು ಪರಸ್ಪರ ಮತ್ತು ಬಣ್ಣದ ಕಣಗಳ ಜೊತೆ ಕೂಡಿಕೊಂಡು ದೊಡ್ಡ ಸರಪಳಿಗಳಾಗಬೇಕು, ಕೆಲವು ಗಸಿಯಾಗಿ ತಳ ಸೇರಬೇಕು. ಇದಕ್ಕೆ ಆಮ್ಲಜನಕ ಬೇಕು, ಆದರೆ ತೀರ ಸ್ವಲ್ಪ ಮತ್ತು ತೀರ ನಿಧಾನವಾಗಿ.

ಅದನ್ನು ಒದಗಿಸುವುದು ದೊಡ್ಡ ಪೀಪಾಯಿ. 225 ಲೀಟರಿನ ಬಾರೀಕ್ ಎಂಬ ಚಿಕ್ಕ ಪೀಪಾಯಿಯಲ್ಲಿ ಒಂದು ಲೀಟರ್ ವೈನ್‌ಗೆ ಸುಮಾರು 90 ಚದರ ಸೆಂಟಿಮೀಟರ್ ಮರ ತಗಲುತ್ತದೆ. 7,500 ಲೀಟರಿನ ದೊಡ್ಡ ಪೀಪಾಯಿಯಲ್ಲಿ ಇದು 30ರ ಆಸುಪಾಸು, ಮೂರರಲ್ಲಿ ಒಂದು ಪಾಲು. ಹಲಗೆಯೂ ದುಪ್ಪಟ್ಟು ದಪ್ಪ. ಹೀಗಾಗಿ ಗಾಳಿ ಒಳಬರುವುದು ಕಡಿಮೆ, ಮರದ ವಾಸನೆ ಇಳಿಯುವುದು ಇನ್ನೂ ಕಡಿಮೆ. ಸೊಲ್ದೇರಾ ಬಳಸುತ್ತಿದ್ದುದು ಕ್ರೊಯೇಷಿಯಾದ ಸ್ಲಾವೋನಿಯಾ ಸೀಮೆಯ ಓಕ್. ಹುದುಗು ಬರಿಸುತ್ತಿದ್ದುದೂ ಮರದ ತೊಟ್ಟಿಗಳಲ್ಲೇ, ಹಣ್ಣಿನ ಮೇಲಿನ ಸಹಜ ಯೀಸ್ಟ್‌ನಿಂದಲೇ, ತಾಪಮಾನಕ್ಕೆ ಕೈಹಾಕದೆ. ಬಾಟಲಿಗೆ ತುಂಬುವಾಗ ಸೋಸುತ್ತಿರಲಿಲ್ಲ. ಸೋಸದ ವೈನ್ ತಿಳಿಯಾಗಬೇಕಾದರೆ ತಾನಾಗಿಯೇ ಗಸಿ ಇಳಿಯಬೇಕು, ಅದಕ್ಕೂ ಕಾಲ ಬೇಕು. ನಾಲ್ಕೈದು ವರ್ಷ ಮರದಲ್ಲಿಡುವುದರ ಹಿಂದಿನ ತರ್ಕ ಇಷ್ಟು.

ಹತ್ತು ನಲ್ಲಿ

ದೊಡ್ಡ ಪೀಪಾಯಿಯ ಮುಂಬದಿಯ ತಳದಲ್ಲಿ ಒಂದು ಪುಟ್ಟ ಬಾಗಿಲಿರುತ್ತದೆ. ಒಳಗೆ ಇಳಿದು ತೊಳೆಯಲು ಆಳು ನುಗ್ಗುವುದು ಅದರಲ್ಲೇ. ವೈನ್ ಇಳಿಸುವ ನಲ್ಲಿ ಆ ಬಾಗಿಲಿನಲ್ಲಿ ಅಥವಾ ಅದರ ಪಕ್ಕದಲ್ಲಿ, ತಳದ ಗಸಿಗಿಂತ ಕೊಂಚ ಮೇಲೆ ಇರುತ್ತದೆ. ಇದನ್ನು ತೆರೆಯಲು ವಿಶೇಷ ಉಪಕರಣವೇನೂ ಬೇಡ.

ಲೆಕ್ಕ ಹಾಕಿ ನೋಡಬಹುದು. ನಲ್ಲಿಯ ಬಾಯಿ 4 ಸೆಂಟಿಮೀಟರ್, ಮೇಲಿರುವ ವೈನ್‌ನ ಎತ್ತರ 2 ಮೀಟರ್ ಎಂದಿಟ್ಟುಕೊಂಡರೆ ಮೊದಲ ಕ್ಷಣದಲ್ಲಿ ಸೆಕೆಂಡಿಗೆ ನಾಲ್ಕೂವರೆ ಲೀಟರ್‌ಗೂ ಹೆಚ್ಚು ಹರಿಯುತ್ತದೆ. ಮಟ್ಟ ಇಳಿದಂತೆ ವೇಗ ತಗ್ಗುತ್ತದೆ. 6,000 ಲೀಟರಿನ ಪೀಪಾಯಿ ಬರಿದಾಗಲು ಮುಕ್ಕಾಲು ಗಂಟೆ ಹಿಡಿಯುವುದಿಲ್ಲ. ಹತ್ತೂ ಒಟ್ಟಿಗೆ ತೆರೆದಿದ್ದರೆ ಇಡೀ ಮಾಳಿಗೆ ಒಂದು ಗಂಟೆಯ ಮಾತು. ಅಂದರೆ ಗಂಟೆಗೊಮ್ಮೆ ಸುತ್ತು ಹಾಕುವ ಕಾವಲುಗಾರನಿದ್ದರೂ ಅವನು ಬರುವಷ್ಟರಲ್ಲಿ ಬಹುಪಾಲು ಹೋಗಿರುತ್ತಿತ್ತು.

ಊರಲ್ಲಿ ಮೊದಲು ಎದ್ದದ್ದು ಮಾಫಿಯಾದ ಸಂಶಯ. 2008ರಲ್ಲಿ ಬ್ರುನೆಲ್ಲೊಗೆ ಬೇರೆ ದ್ರಾಕ್ಷಿ ಬೆರೆಸಿದ ಆರೋಪದ ಮೇಲೆ ಕೆಲವು ಉತ್ಪಾದಕರ ವಿರುದ್ಧ ತನಿಖೆ ನಡೆದಿತ್ತು. ಬೆರಕೆಯನ್ನು ಬಹಿರಂಗವಾಗಿ ಟೀಕಿಸುತ್ತಿದ್ದ ಸೊಲ್ದೇರಾ ಮೇಲೆ ಯಾರೋ ಹಗೆ ತೀರಿಸಿಕೊಂಡರೆಂದು ಜನ ಊಹಿಸಿದರು. ಊಹೆ ಸುಳ್ಳಾಯಿತು. ಎರಡೇ ವಾರಗಳಲ್ಲಿ ಪೊಲೀಸರು ಹಿಡಿದದ್ದು ಹಿಂದೆ ಅದೇ ತೋಟದಲ್ಲಿ ಕೆಲಸಕ್ಕಿದ್ದವನನ್ನು. ವಾಸದ ಮನೆಯ ವಿಷಯದಲ್ಲಿ ತನಗೆ ಅನ್ಯಾಯವಾಯಿತೆಂಬ ಸಿಟ್ಟು ಅವನಿಗಿತ್ತು. 2013ರಲ್ಲಿ ನಾಲ್ಕು ವರ್ಷ ಸೆರೆವಾಸದ ತೀರ್ಪು ಬಂತು. ಯಾವ ನಲ್ಲಿ ಎಲ್ಲಿದೆ, ಯಾವ ಪೀಪಾಯಿ ತುಂಬಿದೆ ಎಂಬುದು ಹೊರಗಿನವನಿಗಿಂತ ಒಳಗೆ ದುಡಿದವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮರುದಿನ ಬೆಳಗ್ಗೆ ಮಾಡಬೇಕಾದ್ದು

ಇಂಥ ಸ್ಥಿತಿ ಯಾವ ಮಾಳಿಗೆಗೆ ಬಂದರೂ ಮೊದಲ ಕೆಲಸ ಗಾಳಿಯಾಡಿಸುವುದು. ಅರವತ್ತು ಸಾವಿರ ಲೀಟರ್ ವೈನ್‌ನಲ್ಲಿ ಎಂಟು ಸಾವಿರ ಲೀಟರಿನಷ್ಟು ಆಲ್ಕೊಹಾಲ್ ಇರುತ್ತದೆ. ನೆಲದ ಮೇಲೆ ಹರಡಿದರೆ ಅದರ ಆವಿ ಮುಚ್ಚಿದ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಹೊಸ ವೈನ್ ಇದ್ದರೆ ಇಂಗಾಲದ ಡೈಆಕ್ಸೈಡ್ ಕೂಡ ತಗ್ಗಿನಲ್ಲಿ ನಿಲ್ಲುತ್ತದೆ. ಬಾಗಿಲು ತೆರೆದು ಗಾಳಿ ಹೊಗಿಸದೆ ಸ್ವಿಚ್ ಒತ್ತಬಾರದು, ಒಬ್ಬರೇ ಒಳಗಿಳಿಯಬಾರದು.

ಆಮೇಲೆ ಸಾಕ್ಷ್ಯ ಮತ್ತು ಉಳಿಕೆಯ ನಡುವಿನ ಎಳೆದಾಟ. ಪೊಲೀಸರು ಏನನ್ನೂ ಮುಟ್ಟಬೇಡಿ ಎನ್ನುತ್ತಾರೆ, ವೈನ್ ಕಾಯುವುದಿಲ್ಲ. ಪ್ರತಿ ನಲ್ಲಿಯ ಸ್ಥಿತಿಯ ಚಿತ್ರ ತೆಗೆದು, ಪೀಪಾಯಿಯ ಸಂಖ್ಯೆ ಬರೆದುಕೊಂಡು, ಕೈಗವಸು ತೊಟ್ಟು ನಲ್ಲಿ ಮುಚ್ಚುವುದು ಎರಡಕ್ಕೂ ಒದಗುವ ದಾರಿ. ನಂತರ ಅಳತೆ ಕೋಲು ಇಳಿಸಿ ಎಷ್ಟು ಉಳಿದಿದೆ ನೋಡಬೇಕು. ನಲ್ಲಿಯ ಮಟ್ಟಕ್ಕಿಂತ ಕೆಳಗೆ ಒಂದಷ್ಟು ವೈನ್ ಗಸಿಯ ಜೊತೆ ನಿಂತಿರುತ್ತದೆ.

ಈ ಉಳಿಕೆಯೇ ಅತ್ಯಂತ ನಾಜೂಕಿನದು. ಅದರ ಮೇಲೆ ಈಗ ಸಾವಿರಾರು ಲೀಟರ್ ಗಾಳಿ ಇದೆ. ಅರ್ಧ ಬರಿದಾದ ಜಾಡಿಯ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವಂತೆ ಇದರ ಮೇಲೂ ಪೊರೆ ಕಟ್ಟುತ್ತದೆ, ವೈನನ್ನು ವಿನೆಗರ್ ಮಾಡುವ ಅಸಿಟಿಕ್ ಬ್ಯಾಕ್ಟೀರಿಯಾ ಕೆಲಸ ಶುರುಮಾಡುತ್ತವೆ. ವೈನ್ ಗಾಳಿಯಲ್ಲಿ ಚೆಲ್ಲಾಡಿದರೆ ಲೀಟರಿಗೆ 8 ಮಿಲಿಗ್ರಾಂವರೆಗೆ ಆಮ್ಲಜನಕ ಹೀರುತ್ತದೆ. ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ವೈನ್ ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡ್ ಸುಮಾರು ನಾಲ್ಕು ಮಿಲಿಗ್ರಾಂ ಖರ್ಚಾಗುತ್ತದೆ. ಮಾಗುತ್ತಿರುವ ಕೆಂಪು ವೈನ್‌ನಲ್ಲಿ ಮುಕ್ತವಾಗಿರುವ ಸಲ್ಫರ್ ಡೈಆಕ್ಸೈಡ್ ಸಾಮಾನ್ಯವಾಗಿ 20ರಿಂದ 30 ಮಿಲಿಗ್ರಾಂ ಅಷ್ಟೇ. ಅಂದರೆ ಒಂದೇ ಸಲ ಚೆನ್ನಾಗಿ ಗಾಳಿ ಸೇರಿದರೂ ವರ್ಷಗಟ್ಟಲೆ ಕಾಪಾಡಿದ ರಕ್ಷಣೆ ಪೂರ್ತಿ ಕರಗುತ್ತದೆ.

ಆದ್ದರಿಂದ ಉಳಿಕೆಯನ್ನು ಅಂದೇ ಚಿಕ್ಕ ಪಾತ್ರೆಗಳಿಗೆ ಸಾಗಿಸಬೇಕು. ಇಟಲಿಯ ಮಾಳಿಗೆಗಳಲ್ಲಿ ಇದಕ್ಕೆಂದೇ 54 ಲೀಟರಿನ ಗಾಜಿನ ದಮಿಜಾನಾ ಇರುತ್ತವೆ. ಪೀಪಾಯಿಗಳಲ್ಲಿ ಆವಿಯಾಗಿ ತಗ್ಗಿದ್ದನ್ನು ತುಂಬಲು ಅದೇ ವರ್ಷದ ವೈನ್ ಅವುಗಳಲ್ಲಿ ಕಾದಿರುತ್ತದೆ. ಪಾತ್ರೆಗೆ ಮೊದಲು ಸಾರಜನಕ ಅಥವಾ ಆರ್ಗಾನ್ ತುಂಬಿ, ಕೊಳವೆಯನ್ನು ತಳಕ್ಕೆ ಇಳಿಸಿ, ಕೆಳಗಿನಿಂದ ಮೇಲಕ್ಕೆ, ಕತ್ತಿನವರೆಗೆ ತುಂಬಬೇಕು. ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಂತೆ ಹುಳಿ ಕಡಿಮೆ) 3.4 ಇದ್ದರೆ 25 ಮಿಲಿಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್‌ನಲ್ಲಿ ಸೂಕ್ಷ್ಮಾಣುಗಳ ಮೇಲೆ ನಿಜವಾಗಿ ಕೆಲಸ ಮಾಡುವ ರೂಪ 0.6 ಮಿಲಿಗ್ರಾಂ ಮಾತ್ರ. ಆದರೂ ಅಷ್ಟು ಸಾಕಾಗುತ್ತದೆ. ಪಿಎಚ್ 3.7ಕ್ಕೆ ಏರಿದ್ದರೆ ಅದೇ ಫಲಕ್ಕೆ ಸುಮಾರು ಇಮ್ಮಡಿ ಬೇಕು.

ಆರು ವರ್ಷಗಳ ಅಳಿದುಳಿದದ್ದನ್ನು ಒಂದೇ ತೊಟ್ಟಿಗೆ ಸುರಿಯುವ ಆಸೆಯನ್ನು ಮಾತ್ರ ಗಟ್ಟಿಯಾಗಿ ತಡೆಯಬೇಕು. ಹಾಗೆ ಮಾಡಿದರೆ ಕೆಲಸ ಹಗುರ, ಆದರೆ ಕೊಯ್ಲಿನ ವರ್ಷ ಹೇಳಲಾಗದ ವೈನ್‌ಗೆ ಬ್ರುನೆಲ್ಲೊ ದರ್ಜೆಯಲ್ಲಿ ಜಾಗವೇ ಇಲ್ಲ. ಕಾಝೆ ಬಾಸ್ಸೆಯಲ್ಲಿ ಉಳಿದದ್ದು ವರ್ಷವಾರಾಗಿಯೇ ಉಳಿಯಿತು. ಆ ವರ್ಷಗಳ ಬಾಟಲಿಗಳು ಮುಂದೆ ತೀರ ಕಡಿಮೆ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದವು.

ಬರಿದಾದ ಪೀಪಾಯಿಯೂ ಒಂದು ಸಮಸ್ಯೆ. ಮರ ಒಣಗಿದರೆ ಹಲಗೆಗಳ ಸಂದು ಬಿಡುತ್ತದೆ. ಒದ್ದೆಯಾಗಿಯೇ ಬಿಟ್ಟರೆ ಬೂಷ್ಟು, ಅಸಿಟಿಕ್ ಬ್ಯಾಕ್ಟೀರಿಯಾ, ಕೊಟ್ಟಿಗೆ ವಾಸನೆ ತರುವ ಬ್ರೆಟನೊಮೈಸಿಸ್ ಯೀಸ್ಟ್ ಸೇರಿಕೊಳ್ಳುತ್ತವೆ. ಡಿಸೆಂಬರಿನಲ್ಲಿ ಬರಿದಾದದ್ದಕ್ಕೆ ಹೊಸ ವೈನ್ ಸಿಗುವುದು ಮುಂದಿನ ವರ್ಷದ ಸುಗ್ಗಿ ಮುಗಿದ ಮೇಲೆ. ಅಲ್ಲಿಯವರೆಗೆ ಬಿಸಿನೀರಿನಲ್ಲಿ ತೊಳೆದು, ಆರಿಸಿ, ನೂರು ಲೀಟರ್ ಅಳತೆಗೆ ಎರಡು ಮೂರು ಗ್ರಾಂ ಗಂಧಕ ಉರಿಸಿ ಮುಚ್ಚಬೇಕು, ನಾಲ್ಕಾರು ವಾರಕ್ಕೊಮ್ಮೆ ಮತ್ತೆ ಉರಿಸಬೇಕು. ಗಂಧಕದ ಹೊಗೆ ತಿಂಗಳುಗಟ್ಟಲೆ ಮರದಲ್ಲಿ ಕೂತು ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಹೀಗಾಗಿ ವೈನ್ ತುಂಬುವ ಎರಡು ದಿನ ಮೊದಲು ನೀರು ತುಂಬಿ ನಿಲ್ಲಿಸಿ ಚೆಲ್ಲಬೇಕು. ಆಗ ಆಮ್ಲವೂ ಹೋಗುತ್ತದೆ, ಹಲಗೆಯೂ ಉಬ್ಬಿ ಸಂದು ಕೂಡುತ್ತದೆ.

ನೆರೆಹೊರೆಯವರ ವೈನ್

ಸುದ್ದಿ ಹರಡಿದ ಮೇಲೆ ಬ್ರುನೆಲ್ಲೊ ಉತ್ಪಾದಕರ ಸಂಘ ನೆರವಿಗೆ ಬಂತು. ಸದಸ್ಯರು ತಮ್ಮ ತಮ್ಮ ವೈನ್‌ನಲ್ಲಿ ಒಂದಿಷ್ಟು ಕೊಟ್ಟು ಕೈಹಿಡಿಯುವುದು ಯೋಜನೆ. ಸೊಲ್ದೇರಾ ಒಪ್ಪಲಿಲ್ಲ. ಬೇರೆಯವರ ವೈನ್ ತಾನು ಪಡೆಯುವುದು ಕೊಳ್ಳುವವರಿಗೆ ಮಾಡುವ ವಂಚನೆ ಎಂದರು, ಸಂಘಕ್ಕೆ ರಾಜೀನಾಮೆ ಕೊಟ್ಟರು. ಸಂಘ ಈ ಮಾತನ್ನು ಅವಮಾನವೆಂದು ತಿಳಿದು 2013ರಲ್ಲಿ ಅವರನ್ನು ಹೊರಹಾಕಿತು, ಮಾನನಷ್ಟದ ದಾವೆಗೂ ಮುಂದಾಯಿತು.

ನಿರಾಕರಣೆ ಸರಿ, ಅದಕ್ಕೆ ಬಳಸಿದ ಮಾತು ಅಗತ್ಯಕ್ಕಿಂತ ಕಟುವಾಗಿತ್ತು ಎಂದೇ ಹೇಳಬೇಕು. ಕೊಡಲು ಬಂದವರಲ್ಲಿ ಸದ್ಭಾವ ಇರಲಿಲ್ಲವೆಂದು ಹೇಳಲು ಯಾವ ಆಧಾರವೂ ಇಲ್ಲ. ಆದರೆ ತಾಂತ್ರಿಕವಾಗಿ ಆ ಕೊಡುಗೆ ನಷ್ಟವನ್ನು ತುಂಬುವಂಥದ್ದಾಗಿರಲಿಲ್ಲ. ಮೊಂತಾಲ್ಚೀನೊ ಗುಡ್ಡದ ಉತ್ತರ ಮತ್ತು ದಕ್ಷಿಣ ಇಳಿಜಾರುಗಳಲ್ಲಿ ಹಣ್ಣು ಮಾಗುವ ಕಾಲವೇ ಬೇರೆ, ಮಣ್ಣೂ ಬೇರೆ. ಒಬ್ಬರು ಬಾರೀಕ್‌ನಲ್ಲಿ, ಇನ್ನೊಬ್ಬರು ದೊಡ್ಡ ಪೀಪಾಯಿಯಲ್ಲಿ ಮಾಗಿಸುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಇಟ್ಟು ಕುಡಿಯಲೆಂದು ಒಂದು ತೋಟದ ಬಾಟಲಿ ಕೊಳ್ಳುವವರು ಆ ತೋಟದ ಹಳೆಯ ಬಾಟಲಿಗಳು ಹೇಗೆ ಮಾಗಿದವೆಂಬ ಅನುಭವವನ್ನು ನಂಬಿ ಹಣ ಕೊಡುತ್ತಾರೆ. ಕೂಡಿಸಿದ ವೈನ್ ಇವತ್ತು ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಅಂಥ ಹಿನ್ನೆಲೆಯಿಲ್ಲ.

ದ್ರಾಕ್ಷಿಯ ಗುರುತನ್ನು ಪ್ರಯೋಗಾಲಯದಲ್ಲಿ ನೋಡುವುದಕ್ಕೂ ಮಿತಿಯಿದೆ. ಮೆರ್ಲೋ, ಕ್ಯಾಬರ್ನೆ ದ್ರಾಕ್ಷಿಗಳ ಬಣ್ಣದಲ್ಲಿ ಅಸೈಲೀಕೃತ ಆಂಥೋಸಯಾನಿನ್ ಎಂಬ ಬಗೆಯ ಬಣ್ಣದ ಕಣ ಗಣನೀಯವಾಗಿರುತ್ತದೆ, ಸಾಂಜೊವೇಝೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎಳೆಯ ವೈನ್‌ನಲ್ಲಿ ಬೆರಕೆ ಇದರಿಂದ ಪತ್ತೆಯಾಗುತ್ತದೆ. ನಾಲ್ಕೈದು ವರ್ಷ ಮರದಲ್ಲಿದ್ದ ವೈನ್‌ನಲ್ಲಿ ಬಿಡಿ ಬಣ್ಣದ ಕಣಗಳೇ ಬಹುತೇಕ ಮುಗಿದಿರುತ್ತವೆ, ಪರೀಕ್ಷೆಯ ಹಿಡಿತ ಸಡಿಲವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದು ಸಾಂಜೊವೇಝೆಗೆ ಇನ್ನೊಂದು ತೋಟದ ಸಾಂಜೊವೇಝೆ ಸೇರಿದರೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಉಳಿಯುವುದು ಮಾಡಿದವರ ಮಾತು ಮಾತ್ರ. ಸೊಲ್ದೇರಾ ಬಿಟ್ಟುಕೊಡದಿದ್ದುದು ಅದನ್ನೇ.

2006ರ ಕೊಯ್ಲಿನಿಂದ ಅವರ ವೈನ್ ಬ್ರುನೆಲ್ಲೊ ಹೆಸರು ಬಿಟ್ಟು ತೋಸ್ಕಾನಾ ಐಜಿಟಿ ಎಂಬ ಸಡಿಲ ದರ್ಜೆಯಲ್ಲಿ, ನೂರಕ್ಕೆ ನೂರು ಸಾಂಜೊವೇಝೆ ಎಂದು ಹೊರಬಂತು. ಸಂಘ ಬಿಟ್ಟವರು ಡಿಓಸಿಜಿ ಬಿಡಬೇಕೆಂದಿಲ್ಲ, ಎರಡೂ ಬೇರೆ. ಇದು ಅವರದೇ ತೀರ್ಮಾನ. ದರ್ಜೆ ಇಳಿದರೂ ಬೆಲೆ ಇಳಿಯಲಿಲ್ಲ. ಹಳೆಯ ಬಾಟಲಿ ಹುಡುಕುವವರಿಗೆ ಇದು ನೆನಪಿರಬೇಕು: 2005ರವರೆಗಿನ ಚೀಟಿಯಲ್ಲಿ ಬ್ರುನೆಲ್ಲೊ ಎಂದಿರುತ್ತದೆ, 2006 ಮತ್ತು ಅದರ ನಂತರದ್ದರಲ್ಲಿ ಇರುವುದಿಲ್ಲ. 2010ರ ಸೊಲ್ದೇರಾ ಬ್ರುನೆಲ್ಲೊ ಎಂದು ಯಾರಾದರೂ ತೋರಿಸಿದರೆ ಅದು ನಕಲಿ. ಜಾನ್‌ಫ್ರಾಂಕೊ 2019ರ ಫೆಬ್ರುವರಿಯಲ್ಲಿ ತೀರಿಕೊಂಡರು. ಈಗ ತೋಟ ಮಕ್ಕಳ ಕೈಯಲ್ಲಿದೆ.

ಬೀಗ ಮತ್ತು ವಿಮೆ

ಬಾಗಿಲು ಗಟ್ಟಿ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಈ ಪ್ರಕರಣದಲ್ಲಿ ಬಾಗಿಲು ಗಟ್ಟಿಯೇ ಇತ್ತು. ಹೆಚ್ಚು ಫಲ ಕೊಡುವುದು ನಲ್ಲಿಯ ಕಡೆಯ ಬದಲಾವಣೆ. ಕೆಲಸವಿಲ್ಲದ ತಿಂಗಳುಗಳಲ್ಲಿ ನಲ್ಲಿಯ ಹಿಡಿ ಕಳಚಿ ಬೇರೆಡೆ ಇಡುವುದು, ಬಾಯಿಗೆ ತಿರುಪಿನ ಉಕ್ಕಿನ ಮುಚ್ಚಳ ಹಾಕಿ ಬೀಗ ಜಡಿಯುವುದು ಅಗ್ಗದ ಕೆಲಸ. ಹತ್ತು ನಿಮಿಷದ ಕೃತ್ಯವನ್ನು ಇದು ಗಂಟೆಗಟ್ಟಲೆಯ ಗದ್ದಲದ ಕೆಲಸವಾಗಿಸುತ್ತದೆ. ಪೀಪಾಯಿಯ ಮಟ್ಟ ಎರಡು ಸೆಂಟಿಮೀಟರ್ ಇಳಿದರೆ ಫೋನಿಗೆ ಸಂದೇಶ ಕಳಿಸುವ ಸಂವೇದಕವಿದ್ದರೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಚರಂಡಿಯ ಬಾಯಿಗೆ ಮುಚ್ಚುವ ಕವಾಟ ಇಟ್ಟರೆ ವೈನ್ ಉಳಿಯದಿದ್ದರೂ ಎಷ್ಟು ಹೋಯಿತೆಂಬ ಅಳತೆ ಸಿಗುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಬೀಗ ಮತ್ತು ಬಾಗಿಲಿನ ಸಂಕೇತವನ್ನು ಅದೇ ದಿನ ಬದಲಿಸಬೇಕು. ಸಾಧ್ಯವಿದ್ದರೆ ಪ್ರತಿ ಕೊಯ್ಲನ್ನು ಎರಡು ಕೋಣೆಗಳಿಗೆ ಹಂಚಬೇಕು. ಚಿಕ್ಕ ತೋಟಗಳಿಗೆ ಇದು ಕಷ್ಟ, ಏಕೆಂದರೆ ಎರಡನೆಯ ನೆಲಮಾಳಿಗೆ ತೋಡುವ ಖರ್ಚು ದೊಡ್ಡದು.

ವಿಮೆಯಲ್ಲಿ ಎಡವುವುದು ಬೆಲೆ ಕಟ್ಟುವಾಗ. ಪೀಪಾಯಿಯಲ್ಲಿರುವ ವೈನ್‌ಗೆ ವಿಮಾ ಕಂಪನಿ ಸಗಟು ವೈನ್‌ನ ಲೀಟರ್ ದರ ಹಿಡಿದರೆ, ಸಿಗುವ ಹಣ ಬಾಟಲಿ ದರದ ಹತ್ತಿರಕ್ಕೂ ಬರುವುದಿಲ್ಲ. ಸರಿಯಾದ ಕ್ರಮ ಎಂದರೆ ಆ ವೈನ್ ಬಾಟಲಿಯಾಗಿ ತೋಟದಿಂದ ಹೊರಡುವಾಗಿನ ದರದಿಂದ ಹಿಂದಕ್ಕೆ ಬರುವುದು: ಬಾಟಲಿ, ಬಿರಡೆ, ಚೀಟಿಯ ಖರ್ಚು ಕಳೆಯಬೇಕು, ಉಳಿದ ವರ್ಷಗಳಲ್ಲಿ ಆವಿಯಾಗುವ ಪಾಲು ಕಳೆಯಬೇಕು, ಅಷ್ಟು ವರ್ಷ ಹಣ ತಡವಾಗುವುದರ ಬಡ್ಡಿ ಕಳೆಯಬೇಕು. ಪ್ರತಿ ಪೀಪಾಯಿಗೂ ವರ್ಷ, ಲೀಟರ್, ಅಂದಾಜು ಬಿಡುಗಡೆಯ ವರ್ಷ ಬರೆದ ಪಟ್ಟಿಯನ್ನು ಸುಗ್ಗಿ ಮುಗಿದೊಡನೆ ಹೊಸದಾಗಿ ಬರೆದು ವಿಮಾ ಪತ್ರಕ್ಕೆ ಲಗತ್ತಿಸಬೇಕು, ಅದರ ಪ್ರತಿ ಮಾಳಿಗೆಯ ಹೊರಗೆ ಇರಬೇಕು. ಆದಾಯ ನಷ್ಟದ ವಿಮೆ ಸಾಮಾನ್ಯವಾಗಿ ಹನ್ನೆರಡು ತಿಂಗಳಿಗೆ ಇರುತ್ತದೆ. ಐದು ವರ್ಷ ಮರದಲ್ಲಿಡುವ ತೋಟದಲ್ಲಿ 2013ರ ಹಣ್ಣಿನ ವೈನ್ ಮಾರಲು 2018 ದಾಟುತ್ತದೆ, ಆ ಅವಧಿಯನ್ನೇ ಪತ್ರದಲ್ಲಿ ಬರೆಸಿಕೊಳ್ಳಬೇಕು.